ಟೈಫಾಯ್ಡ್ ರಿಪೋರ್ಟಿನ ‘ಎಚ್’ ಮತ್ತು ಅದರ ಬುಡದ ಮೋಟಾರು

ಜ್ವರ ಐದಾರು ದಿನವಾದರೂ ಇಳಿಯದಿದ್ದರೆ ನಮ್ಮ ಊರುಗಳಲ್ಲಿ ಇಂದಿಗೂ ವಿಡಾಲ್ ಪರೀಕ್ಷೆ ಬರೆದುಕೊಡುವುದುಂಟು. ಸಂಜೆ ಕೈಗೆ ಬರುವ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲುಗಳಿರುತ್ತವೆ: ಟೈಫಿ ‘ಓ’, ಟೈಫಿ ‘ಎಚ್’, ಪ್ಯಾರಾಟೈಫಿ ‘ಎಎಚ್’, ‘ಬಿಎಚ್’. ಎದುರಿಗೆ 1:80, 1:160 ಎಂಬ ಅಂಕಿಗಳು. ಅಂಕಿ ಹೆಚ್ಚೋ ಕಡಿಮೆಯೋ ಎಂದು ಎಲ್ಲರೂ ಕೇಳುತ್ತಾರೆ. ‘ಎಚ್’ ಅಂದರೇನು ಎಂದು ಯಾರೂ ಕೇಳುವುದಿಲ್ಲ.

ಆ ಅಕ್ಷರ ಜರ್ಮನ್ ಭಾಷೆಯದು. ‘ಹೌಖ್’ ಎಂದರೆ ಉಸಿರು. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರೆ ಅದು ಹಾಕಿದ ಜಾಗದಲ್ಲಿ ನಿಲ್ಲದೆ ತಟ್ಟೆಯ ತುಂಬ ಹರಡಿಕೊಳ್ಳುತ್ತದೆ. ಕನ್ನಡಿಯ ಮೇಲೆ ಬಾಯಿಂದ ಹಾಯೆಂದು ಊದಿದಾಗ ಮೂಡುತ್ತದಲ್ಲ, ಅಂಥ ತೆಳು ಮಂಜಿನ ಪದರ ಕಾಣುತ್ತದೆ. ಚಲಿಸಲಾರದ ತಳಿಗಳಲ್ಲಿ ಆ ಮಂಜು ಇಲ್ಲ. ಅವು ‘ಓನೆ ಹೌಖ್’, ಅಂದರೆ ಉಸಿರಿಲ್ಲದವು. ‘ಎಚ್’ ಮತ್ತು ‘ಓ’ ಬಂದದ್ದು ಹೀಗೆ. ಮಂಜು ಹರಡುವುದಕ್ಕೆ ಕಾರಣವಾದ ಅಂಗದ ಪ್ರೋಟೀನಿಗೆ ‘ಎಚ್’ ಎಂಬ ಹೆಸರು ಅಂಟಿತು, ಮೈಮೇಲಿನ ಸಕ್ಕರೆ ಸರಪಳಿಗೆ ‘ಓ’. ಕಲುಷಿತ ಆಹಾರದ ಸುದ್ದಿಗಳಲ್ಲಿ ಬರುವ ಇ-ಕೋಲಿ ‘ಓ157:ಎಚ್7’ ಎಂಬ ಕಗ್ಗಂಟಿನ ಹೆಸರಿನಲ್ಲಿರುವುದೂ ಇದೇ ಎಚ್.

ಆ ಅಂಗಕ್ಕೆ ಪಠ್ಯಪುಸ್ತಕದ ಕನ್ನಡದಲ್ಲಿ ಕಶಾಂಗ ಎಂದು ಹೆಸರು. ಕಶೆ ಎಂದರೆ ಚಾವಟಿ. ಲ್ಯಾಟಿನ್ನಿನ ಫ್ಲಾಜೆಲ್ಲಮ್‌ಗೂ ಅದೇ ಅರ್ಥ. ಎರಡು ಭಾಷೆಯಲ್ಲೂ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಚಾವಟಿ ಬೀಸುತ್ತದೆ, ಬಳುಕುತ್ತದೆ. ವೀರ್ಯಾಣುವಿನ ಬಾಲ ಹಾಗೆ ಬಳುಕುವುದು ನಿಜ. ಅದಕ್ಕೂ ಪುಸ್ತಕಗಳಲ್ಲಿ ಕಶಾಂಗವೆಂದೇ ಹೆಸರು. ಆದರೆ ಬ್ಯಾಕ್ಟೀರಿಯಾದ ಕಶಾಂಗ ಬಳುಕುವುದಿಲ್ಲ, ತಿರುಗುತ್ತದೆ. ಬುಡದಲ್ಲಿ ಮೋಟಾರು, ಅದರಿಂದ ಹೊರಟ ಅಚ್ಚು, ಅಚ್ಚಿನ ತುದಿಗೆ ಪ್ರೊಪೆಲ್ಲರ್. ವೀರ್ಯಾಣುವಿನ ಬಾಲಕ್ಕೂ ಇದಕ್ಕೂ ಹೆಸರಿನ ಹೊರತು ಯಾವ ನಂಟೂ ಇಲ್ಲ.

ತಿರುಗುತ್ತದೆ ಎಂದು ಒಪ್ಪಿಕೊಳ್ಳಲು ವಿಜ್ಞಾನಿಗಳಿಗೇ ಬಹಳ ಕಾಲ ಹಿಡಿಯಿತು. ಚಕ್ರ ಮನುಷ್ಯನ ಆವಿಷ್ಕಾರ, ಜೀವಿಗಳಲ್ಲಿ ಅಚ್ಚಿನ ಮೇಲೆ ಸುತ್ತುವ ಅಂಗವಿಲ್ಲ ಎಂಬುದು ಗಟ್ಟಿ ನಂಬಿಕೆಯಾಗಿತ್ತು. 1973ರಲ್ಲಿ ಹೊವರ್ಡ್ ಬರ್ಗ್ ಮತ್ತು ರಾಬರ್ಟ್ ಆ್ಯಂಡರ್ಸನ್, ಅದುವರೆಗಿನ ಪುರಾವೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಇದು ತಿರುಗಲೇಬೇಕು ಎಂದು ವಾದಿಸಿದರು. ಮರುವರ್ಷ ಮೈಕೆಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಅದನ್ನು ಕಣ್ಣಿಗೇ ತೋರಿಸಿದರು. ಅವರ ಉಪಾಯ ಸರಳ. ಕಶಾಂಗಕ್ಕೆ ಅಂಟುವ ಪ್ರತಿಕಾಯಗಳನ್ನು (ಆ್ಯಂಟಿಬಾಡಿ) ಬಳಸಿ ಬ್ಯಾಕ್ಟೀರಿಯಾವನ್ನು ಗಾಜಿಗೆ ಕಟ್ಟಿಹಾಕಿದರು. ಕಶಾಂಗ ಗಾಜಿಗೆ ಸಿಕ್ಕಿಕೊಂಡಿತು, ಮೋಟಾರು ನಿಲ್ಲಲಿಲ್ಲ. ಆಗ ಬ್ಯಾಕ್ಟೀರಿಯಾದ ಇಡೀ ದೇಹವೇ ಬುಗುರಿಯಂತೆ ಸುತ್ತತೊಡಗಿತು: ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ. ವಿಡಾಲ್ ಪರೀಕ್ಷೆಯ ‘ಎಚ್’ ಸಾಲು ನಮ್ಮ ರಕ್ತದಲ್ಲಿ ಹುಡುಕುವುದೂ ಕಶಾಂಗಕ್ಕೆ ಅಂಟುವ ಪ್ರತಿಕಾಯಗಳನ್ನೇ.

ಇಷ್ಟು ಸಣ್ಣ ಜೀವಿ ಮೀನಿನಂತೆ ಬಾಲ ಬಡಿದು ಈಜಬಾರದೇಕೆ? ಇ-ಕೋಲಿಯ ಉದ್ದ ಸುಮಾರು 2 ಮೈಕ್ರೋಮೀಟರ್, ಅಂದರೆ ಐನೂರನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಆ ಗಾತ್ರದಲ್ಲಿ ನೀರಿನ ಗುಣವೇ ಬೇರೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಆರಿ ಗಟ್ಟಿಯಾಗುತ್ತಿರುವ ಬೆಲ್ಲದ ಪಾಕದಲ್ಲಿ ಈಜುವುದನ್ನು ಊಹಿಸಿಕೊಳ್ಳಿ. ನಾವು ಕೆರೆಯಲ್ಲಿ ಒಮ್ಮೆ ಕೈಬೀಸಿದರೆ ಆ ಓಘದಲ್ಲೇ ಮುಂದಕ್ಕೆ ತೇಲುತ್ತೇವೆ. ಬ್ಯಾಕ್ಟೀರಿಯಾಗೆ ಓಘವೆಂಬುದೇ ಇಲ್ಲ. ಮೋಟಾರು ನಿಂತ ಕ್ಷಣದಲ್ಲಿ, ಒಂದು ಪರಮಾಣುವಿನ ಅಗಲವನ್ನೂ ದಾಟುವ ಮುನ್ನ, ಅದು ನಿಂತುಬಿಡುತ್ತದೆ. 1970ರ ದಶಕದಲ್ಲಿ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಇಂಥ ಪಾಕದಲ್ಲಿ ಅತ್ತ ಬೀಸಿ ಇತ್ತ ಬೀಸಿದರೆ ಹೋದಷ್ಟೇ ದೂರ ಹಿಂದಕ್ಕೆ ಬಂದಿರುತ್ತೀರಿ. ತಿರುಪಿನ ಮೊಳೆ ಮರದೊಳಗೆ ಇಳಿಯುವಂತೆ ಸುರುಳಿಯೊಂದನ್ನು ತಿರುಗಿಸುತ್ತ ಹೋದರೆ ಮುಂದೆ ಸಾಗಬಹುದು. ಹಾಗೆ ಸಾಗುವ ಇ-ಕೋಲಿ ಸೆಕೆಂಡಿಗೆ ತನ್ನ ಮೈಯುದ್ದದ ಹತ್ತು ಪಟ್ಟಿಗಿಂತ ಹೆಚ್ಚು ದೂರ ಹೋಗುತ್ತದೆ.

ಈಗ ಕಶಾಂಗದ ಹೊರತುದಿಯಿಂದ ಒಳಕ್ಕೆ ನಡೆಯೋಣ. ಇ-ಕೋಲಿ ಮತ್ತು ಅದರ ದಾಯಾದಿ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಎರಡರಲ್ಲೂ ಈ ಯಂತ್ರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡರ ಮಾಹಿತಿಯನ್ನೂ ಬೆರೆಸಿಯೇ ಹೇಳುತ್ತೇನೆ.

ಹೊರಗೆ ಚಾಚಿಕೊಂಡಿರುವ ಎಳೆ ಸುಮಾರು 20 ನ್ಯಾನೋಮೀಟರ್ ದಪ್ಪ (ನ್ಯಾನೋಮೀಟರ್ ಎಂದರೆ ಮೈಕ್ರೋಮೀಟರಿನ ಸಾವಿರದ ಒಂದು ಪಾಲು). ಉದ್ದ ಮಾತ್ರ 10 ಮೈಕ್ರೋಮೀಟರ್‌ವರೆಗೂ ಹೋಗಬಹುದು, ದೇಹದ ಐದು ಪಟ್ಟು. ಇದು ಒಂದೇ ಪ್ರೋಟೀನಿನ ಇಟ್ಟಿಗೆಗಳಿಂದ ಕಟ್ಟಿದ ಕೊಳವೆ. ಆ ಪ್ರೋಟೀನ್ ಫ್ಲಾಜೆಲ್ಲಿನ್. ರಿಪೋರ್ಟಿನ ‘ಎಚ್’ ಎಂದರೆ ಇದೇ. ಒಂದು ಎಳೆಗೆ ಇಪ್ಪತ್ತು ಸಾವಿರದಷ್ಟು ಇಟ್ಟಿಗೆಗಳು, ಹನ್ನೊಂದು ಸಾಲುಗಳಲ್ಲಿ. ಇಟ್ಟಿಗೆಗಳೆಲ್ಲ ಒಂದೇ ತೆರನಾಗಿ ಕೂತಿದ್ದರೆ ಕೊಳವೆ ನೆಟ್ಟಗಿರುತ್ತಿತ್ತು, ನೆಟ್ಟಗಿನ ಕೋಲನ್ನು ಎಷ್ಟು ತಿರುಗಿಸಿದರೂ ನೀರು ಹಿಂದಕ್ಕೆ ಸರಿಯದು. ಇಲ್ಲಿ ಕೆಲವು ಸಾಲುಗಳು ತುಸು ಕುಗ್ಗಿ, ಉಳಿದವು ತುಸು ಹಿಗ್ಗಿ ಕೂರುತ್ತವೆ. ಆ ಸಣ್ಣ ವ್ಯತ್ಯಾಸದಿಂದಲೇ ಕೊಳವೆ ಸುರುಳಿಯಾಗುತ್ತದೆ. ಎಷ್ಟು ಸಾಲು ಕುಗ್ಗಿವೆ ಎಂಬುದು ಬದಲಾದರೆ ಎಡಸುರುಳಿ ಬಲಸುರುಳಿಯಾಗಿಬಿಡುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಎಳೆಯ ಬುಡಕ್ಕೆ ಕೊಕ್ಕೆ. ಉದ್ದ ಸುಮಾರು 55 ನ್ಯಾನೋಮೀಟರ್, ಫ್ಲಗ್-ಇ ಎಂಬ ಪ್ರೋಟೀನಿನ ನೂರಮೂವತ್ತರಷ್ಟು ಪ್ರತಿಗಳು. ಕೊಕ್ಕೆಯೂ ಎಳೆಯೂ ನೋಡಲು ಒಂದೇ ಬಗೆಯ ಕೊಳವೆಗಳು, ಗುಣದಲ್ಲಿ ಮಾತ್ರ ವಿರುದ್ಧ: ಎಳೆ ಬಿರುಸು, ಕೊಕ್ಕೆ ಬಾಗುವಂಥದ್ದು. ಲಾರಿಯ ಕೆಳಗೆ ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಶಾಫ್ಟಿನಲ್ಲಿ ಒಂದು ಕೀಲು ಇರುತ್ತದೆ. ಶಾಫ್ಟ್ ಓರೆಯಾಗಿದ್ದರೂ ತಿರುಗುವಿಕೆ ಆಚೆಗೆ ದಾಟುತ್ತದೆ. ಕೊಕ್ಕೆಯದೂ ಅದೇ ಕೆಲಸ. ಇ-ಕೋಲಿಯ ಮೈಯಲ್ಲಿ ಕಶಾಂಗಗಳು ಸರಾಸರಿ ನಾಲ್ಕು, ಮೈಯ ಯಾವ ಕಡೆಯಿಂದಾದರೂ ಹೊರಡಬಹುದು. ಕೊಕ್ಕೆ ಬಾಗುವುದರಿಂದಲೇ ಅವೆಲ್ಲ ಹಿಂದಕ್ಕೆ ತಿರುಗಿ, ಜಡೆಯಂತೆ ಒಂದಾಗಿ ನೂಕಬಲ್ಲವು.

ಕೊಕ್ಕೆಯಿಂದ ಒಳಗೆ ಅಚ್ಚು. ಈ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆಗಳು: ಹೊರಪೊರೆ, ಒಳಪೊರೆ, ನಡುವೆ ಪೆಪ್ಟಿಡೋಗ್ಲೈಕನ್ ಎಂಬ ಬಲೆಯಂಥ ಗೋಡೆ. ಅಚ್ಚು ಇವನ್ನೆಲ್ಲ ತೂರಿಕೊಂಡು ಹೋಗಬೇಕು, ತಿರುಗುವಾಗ ಗೋಡೆಯನ್ನು ಹರಿಯಬಾರದು. ಅದಕ್ಕೆ ಹೊರಪೊರೆಯಲ್ಲಿ ಒಂದು ಉಂಗುರ, ಗೋಡೆಯಲ್ಲಿ ಇನ್ನೊಂದು. ಪಂಪ್ ರಿಪೇರಿಯವರ ಮಾತಿನಲ್ಲಿ ಹೇಳಿದರೆ ಇದು ಬುಷ್. ತಾನು ಅಲುಗಾಡದೆ ಅಚ್ಚನ್ನು ಹಿಡಿದು ಸುತ್ತಗೊಡುತ್ತದೆ. 1971ರಲ್ಲಿ ಡಿಪಾಂಫಿಲಿಸ್ ಮತ್ತು ಜೂಲಿಯಸ್ ಆ್ಯಡ್ಲರ್ ಈ ಬುಡಭಾಗವನ್ನು ಬಿಡಿಸಿ ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾಲ್ಕು ಉಂಗುರ ಕಂಡವು: ‘ಎಲ್’, ‘ಪಿ’, ‘ಎಸ್’, ‘ಎಂ’. ಮೊದಲೆರಡು ಈ ಬುಷ್. ಕೊನೆಯೆರಡು ನಿಜವಾಗಿ ಎರಡಲ್ಲ, ಫ್ಲಿ-ಎಫ್ ಎಂಬ ಒಂದೇ ಪ್ರೋಟೀನಿನ ಮಡಿಕೆಗಳು ಎಂದು ಎರಡು ದಶಕಗಳ ನಂತರ ತಿಳಿಯಿತು. ಈಗ ಅದಕ್ಕೆ ‘ಎಂಎಸ್’ ಉಂಗುರವೆನ್ನುತ್ತಾರೆ. ಅದು ಒಳಪೊರೆಯಲ್ಲಿ ಕೂತು ಅಚ್ಚಿನೊಂದಿಗೆ ತಾನೂ ಸುತ್ತುತ್ತದೆ.

ಅವರಿಗೆ ಕಾಣದೆ ಹೋದ ಉಂಗುರವೇ ಎಲ್ಲಕ್ಕಿಂತ ಮುಖ್ಯವಾದದ್ದು. ‘ಎಂಎಸ್’ ಉಂಗುರದ ಕೆಳಗೆ, ಜೀವಕೋಶದ ಒಳಗಿನ ರಸದಲ್ಲಿ, ಅಗಲಬಾಯಿಯ ಬಟ್ಟಲಿನಂತೆ ತೂಗುವ ‘ಸಿ’ ಉಂಗುರ. ಅಂದಿನ ಶುದ್ಧೀಕರಣದ ಒರಟು ಕ್ರಮಕ್ಕೆ ಅದು ಕಳಚಿ ಹೋಗುತ್ತಿತ್ತು. ಮೃದುವಾಗಿ ತೊಳೆಯಲು ಕಲಿತ ಮೇಲೆಯೇ ಸಿಕ್ಕಿತು. ಅಗಲ ಸುಮಾರು 45 ನ್ಯಾನೋಮೀಟರ್. ಮೂರು ಪ್ರೋಟೀನುಗಳು: ಮೇಲಂಚಿನಲ್ಲಿ ಫ್ಲಿ-ಜಿ, ಅದರ ಕೆಳಗೆ ಫ್ಲಿ-ಎಂ, ತಳದಲ್ಲಿ ಫ್ಲಿ-ಎನ್. ಮೊದಲೆರಡು ತಲಾ 34ರಷ್ಟು, ಕೊನೆಯದು ಅದರ ಮೂರು ಪಟ್ಟು. (ಈ ಹೆಸರುಗಳಲ್ಲಿ ಅರ್ಥ ಹುಡುಕಬೇಡಿ. ಫ್ಲಗ್, ಫ್ಲಹ್, ಫ್ಲಿ ಎಂಬುವು ವರ್ಣತಂತುವಿನಲ್ಲಿ ವಂಶವಾಹಿ ಯಾವ ಕೇರಿಯಲ್ಲಿದೆ ಎಂಬುದರ ಗುರುತು ಮಾತ್ರ. ಯಾವುದು ಏನು ಮಾಡುತ್ತದೆ ಎಂದು ಅವು ಹೇಳುವುದಿಲ್ಲ. ಈ ಕ್ಷೇತ್ರಕ್ಕೆ ಹೊಸಬರು ಬರದಿರಲಿ ಎಂದೇ ಹೀಗೆ ಹೆಸರಿಟ್ಟರೇನೋ ಎಂದು ನನಗೆ ಅನುಮಾನ.)

ಇಲ್ಲಿಯವರೆಗಿನದು ರೋಟರ್, ತಿರುಗುವ ಭಾಗ. ತಿರುಗಿಸುವವರು ಯಾರು?

‘ಸಿ’ ಉಂಗುರದ ಸುತ್ತ, ಒಳಪೊರೆಯಲ್ಲಿ ನೆಟ್ಟಂತೆ, ಸ್ಟೇಟರ್‌ಗಳು ನಿಂತಿವೆ. ಇ-ಕೋಲಿಯಲ್ಲಿ ಹನ್ನೊಂದರವರೆಗೆ. ಒಂದೊಂದರಲ್ಲೂ ಎರಡು ಪ್ರೋಟೀನ್: ಮಾಟ್-ಎ, ಮಾಟ್-ಬಿ. ಮಾಟ್-ಬಿ ಮೇಲಕ್ಕೆ ಕೈಚಾಚಿ ಪೆಪ್ಟಿಡೋಗ್ಲೈಕನ್ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಹಿಡಿತವಿಲ್ಲದವನು ಗಾಣ ತಿರುಗಿಸಲಾರ. ನೂಕಿದರೆ ತಾನೇ ಹಿಂದೆ ಜಾರುತ್ತಾನೆ.

ಇದಕ್ಕೆ ಬೇಕಾದ ಶಕ್ತಿ ಬರುವುದು ಪ್ರೋಟಾನ್‌ಗಳಿಂದ. ಬ್ಯಾಕ್ಟೀರಿಯಾ ಉಸಿರಾಡುತ್ತ ಪ್ರೋಟಾನ್‌ಗಳನ್ನು ಒಳಪೊರೆಯಿಂದ ಹೊರಕ್ಕೆ ದಬ್ಬುತ್ತಲೇ ಇರುತ್ತದೆ. ಅವು ಒಳಗೆ ಬರಲು ಹವಣಿಸುತ್ತವೆ. ಅಣೆಕಟ್ಟಿನ ಹಿಂದೆ ನಿಂತ ನೀರಿನ ಹಾಗೆ. ಪೊರೆಯ ಎರಡು ಬದಿಗಳ ನಡುವಿನ ಒತ್ತಡ ಸುಮಾರು 0.15 ವೋಲ್ಟ್, ಟಾರ್ಚಿನ ಸೆಲ್ಲಿನ ಹತ್ತನೆಯ ಒಂದು ಪಾಲು. ಇಷ್ಟೇನಾ ಎನ್ನಬೇಡಿ. ಪೊರೆಯ ದಪ್ಪ ಐದು ನ್ಯಾನೋಮೀಟರಿನ ಆಸುಪಾಸು. ಭಾಗಿಸಿ ನೋಡಿದರೆ ಮೀಟರಿಗೆ ಮೂರು ಕೋಟಿ ವೋಲ್ಟ್ ಆಗುತ್ತದೆ, ಗಾಳಿಯಲ್ಲಿ ಕಿಡಿ ಹಾರಲು ಬೇಕಾದುದರ ಹತ್ತು ಪಟ್ಟು. ಆ ಒತ್ತಡದಲ್ಲಿ ಪ್ರೋಟಾನ್‌ಗಳು ಸ್ಟೇಟರ್ ಮೂಲಕ ಒಳಕ್ಕೆ ಧುಮುಕುತ್ತವೆ, ರೋಟರ್ ಒಂದು ಸುತ್ತು ಬರಲು ಸಾವಿರದ ಆಸುಪಾಸು. ನಮ್ಮ ಸ್ನಾಯುಗಳು ಬಳಸುವ ಎಟಿಪಿ ಎಂಬ ಇಂಧನ ಇಲ್ಲಿ ತಿರುಗುವ ಕೆಲಸಕ್ಕೆ ಬರುವುದೇ ಇಲ್ಲ.

ಧುಮುಕುವ ಪ್ರೋಟಾನ್ ತಿರುಗುವಿಕೆಯಾಗಿ ಬದಲಾಗುವುದು ಹೇಗೆ ಎಂಬುದು ಬಹುಕಾಲ ಊಹೆಯ ಮಾತಾಗಿತ್ತು. ಸ್ಟೇಟರಿನಲ್ಲಿ ನಾಲ್ಕು ಮಾಟ್-ಎ, ಎರಡು ಮಾಟ್-ಬಿ ಇವೆಯೆಂದು ಪುಸ್ತಕಗಳು ಬರೆದವು. ಪ್ರೋಟಾನ್ ಬಂದಾಗ ಮಾಟ್-ಎ ಬಾಗಿ ರೋಟರನ್ನು ತಳ್ಳುತ್ತದೆ ಎಂದು ಚಿತ್ರ ಬಿಡಿಸಿದರು. 2020ರಲ್ಲಿ ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ ಎರಡು ತಂಡಗಳು ಸ್ಟೇಟರಿನ ಸ್ಪಷ್ಟ ರೂಪವನ್ನು ಕಂಡಾಗ ಲೆಕ್ಕ ತಲೆಕೆಳಗಾಯಿತು. ಮಾಟ್-ಎ ನಾಲ್ಕಲ್ಲ, ಐದು. ಅವು ಉಂಗುರವಾಗಿ ನಿಂತು, ನಡುವೆ ಎರಡು ಮಾಟ್-ಬಿಗಳನ್ನು ಸುತ್ತುವರಿದಿವೆ.

ಐದು ಮತ್ತು ಎರಡು. ಈ ಹೊಂದದ ಲೆಕ್ಕದಲ್ಲೇ ಗುಟ್ಟಿದೆ. ಎರಡು ಮಾಟ್-ಬಿಗಳಲ್ಲೂ ಪ್ರೋಟಾನ್ ಹಿಡಿಯುವ ಒಂದೊಂದು ಆಸ್ಪಾರ್ಟಿಕ್ ಆಮ್ಲದ ಕೊಂಡಿಯಿದೆ. ಐದನ್ನು ಎರಡರಿಂದ ಭಾಗಿಸಲಾಗದ್ದರಿಂದ ಎರಡೂ ಕೊಂಡಿಗಳು ಏಕಕಾಲಕ್ಕೆ ಒಂದೇ ಸ್ಥಿತಿಯಲ್ಲಿ ಇರಲಾರವು: ಒಂದು ಹೊರಗಿನಿಂದ ಪ್ರೋಟಾನ್ ಹಿಡಿಯುವಾಗ ಇನ್ನೊಂದು ತನ್ನದನ್ನು ಒಳಗೆ ಬಿಡಲು ಸಿದ್ಧವಾಗಿರುತ್ತದೆ. ಸೈಕಲ್ಲಿನ ಎರಡು ಪೆಡಲುಗಳ ಹಾಗೆ, ಒಂದು ಕೆಳಗಿದ್ದರೆ ಇನ್ನೊಂದು ಮೇಲೆ. ಪ್ರತಿ ಪ್ರೋಟಾನಿಗೆ ಮಾಟ್-ಎ ಉಂಗುರ 36 ಡಿಗ್ರಿ ತಿರುಗುತ್ತದೆ. ಹತ್ತು ಪ್ರೋಟಾನಿಗೆ ಒಂದು ಸುತ್ತು. ಅಂದರೆ ಸ್ಟೇಟರ್ ಎಂದು ನಾವು ಕರೆದದ್ದು ಸ್ಥಾವರವಲ್ಲ, ಅದೇ ಒಂದು ಪುಟ್ಟ ಮೋಟಾರು. ದೊಡ್ಡ ಗಾಲಿಯ ಸುತ್ತ ಹನ್ನೊಂದು ಸಣ್ಣ ಹಲ್ಲುಚಕ್ರಗಳು ನಿಂತು, ತಾವು ತಿರುಗುತ್ತ, ಫ್ಲಿ-ಜಿಯ ಅಂಚನ್ನು ಹಲ್ಲಿಗೆ ಹಲ್ಲು ಕೊಟ್ಟು ತಿರುಗಿಸುತ್ತವೆ. ಐವತ್ತು ವರ್ಷ ತಿರುಗುವ ಯಂತ್ರವೆಂದು ನೋಡುತ್ತಿದ್ದುದರೊಳಗೆ ಇನ್ನೂ ಹನ್ನೊಂದು ತಿರುಗುವ ಯಂತ್ರಗಳಿದ್ದವು ಎಂಬುದು, ನನ್ನ ಮಟ್ಟಿಗೆ, ಈ ಕತೆಯ ಅತಿ ಸೊಗಸಾದ ತಿರುವು.

ಹೊರೆಯಿಲ್ಲದಿದ್ದರೆ ಇ-ಕೋಲಿಯ ಮೋಟಾರು ಸೆಕೆಂಡಿಗೆ 300 ಸುತ್ತು ಬರುತ್ತದೆ, ಅಂದರೆ ನಿಮಿಷಕ್ಕೆ 18,000. ಹೊಲದ ಪಂಪ್‌ಸೆಟ್ಟಿನ ಮೋಟಾರು ನಿಮಿಷಕ್ಕೆ 2,900ರ ಸುಮಾರು. ಸಮುದ್ರದ ನೀರಿನಲ್ಲಿರುವ ವಿಬ್ರಿಯೋ ಆಲ್ಜಿನೋಲಿಟಿಕಸ್ ಇನ್ನೂ ಮುಂದೆ: ಪ್ರೋಟಾನಿನ ಬದಲು ಸೋಡಿಯಂ ಬಳಸುವ ಅದರ ಮೋಟಾರು ಸೆಕೆಂಡಿಗೆ 1,700 ಸುತ್ತು ತಲುಪಿದ್ದನ್ನು 1994ರಲ್ಲಿ ಜಪಾನಿನ ವಿಜ್ಞಾನಿಗಳು ಅಳೆದರು. ನಿಮಿಷಕ್ಕೆ ಒಂದು ಲಕ್ಷ.

ಪಂಪ್‌ಸೆಟ್ಟಿನ ಮಾತು ಬಂದದ್ದಕ್ಕೆ ಇನ್ನೊಂದು ಹೋಲಿಕೆ. ಮೂರು ಫೇಸಿನ ಮೋಟಾರು ಉಲ್ಟಾ ತಿರುಗಿದರೆ ಏನು ಮಾಡಬೇಕೆಂದು ಪ್ರತಿ ರೈತನಿಗೂ ಗೊತ್ತು: ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದರಾಯಿತು. ಬ್ಯಾಕ್ಟೀರಿಯಾದ ಮೋಟಾರೂ ಎರಡು ದಿಕ್ಕಿಗೆ ತಿರುಗುತ್ತದೆ. ಸೆಕೆಂಡಿಗೆ ನೂರಾರು ಸುತ್ತು ಬರುತ್ತಿರುವಾಗಲೇ ಕಣ್ಣೆವೆಯಿಕ್ಕುವುದರೊಳಗೆ ದಿಕ್ಕು ಬದಲಿಸುತ್ತದೆ. ಆದರೆ ಪ್ರೋಟಾನಿನ ಹರಿವು ಬದಲಾಗುವುದಿಲ್ಲ. ಅದು ಯಾವಾಗಲೂ ಹೊರಗಿನಿಂದ ಒಳಕ್ಕೇ. ಹರಿವು ಬದಲಾಗದಿದ್ದರೆ ಸ್ಟೇಟರಿನ ಸಣ್ಣ ಚಕ್ರವೂ ದಿಕ್ಕು ಬದಲಿಸಲಾರದು. ಹೊರಗಿನಿಂದ ನೋಡಿದರೆ ಅದು ಸದಾ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ. ಹಾಗಾದರೆ ದೊಡ್ಡ ಗಾಲಿ ಹಿಮ್ಮುಖವಾಗುವುದು ಹೇಗೆ?

ಎರಡು ಹಲ್ಲುಚಕ್ರಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನು ಬಲಕ್ಕೆ ತಿರುಗಿಸಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ. ಈಗ ದೊಡ್ಡ ಬಳೆಯೊಂದರ ಒಳಮೈಗೆ ಹಲ್ಲುಗಳಿವೆ ಎಂದುಕೊಳ್ಳಿ, ಸಣ್ಣ ಚಕ್ರವನ್ನು ಬಳೆಯ ಒಳಗಿಟ್ಟು ಬಲಕ್ಕೆ ತಿರುಗಿಸಿ: ಬಳೆಯೂ ಬಲಕ್ಕೇ ತಿರುಗುತ್ತದೆ. ಬ್ಯಾಕ್ಟೀರಿಯಾ ಮಾಡುವುದು ಇದನ್ನೇ. ಸಾಮಾನ್ಯ ಸ್ಥಿತಿಯಲ್ಲಿ ‘ಸಿ’ ಉಂಗುರ ಕಿರಿದಾಗಿದ್ದು, ಸ್ಟೇಟರ್‌ಗಳು ಅದರ ಹೊರ ಅಂಚಿಗೆ ತಾಗುತ್ತವೆ. ರೋಟರ್ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಸಂದೇಶ ಬಂದಾಗ ಉಂಗುರದ ಬಾಯಿ ಅರಳುತ್ತದೆ, ಫ್ಲಿ-ಜಿಯ ತುದಿ ಹೊರಳಿ ಕೂರುತ್ತದೆ. ಸ್ಟೇಟರ್‌ಗಳು ನಿಂತಲ್ಲೇ ನಿಂತಿವೆ, ಆದರೆ ಈಗ ಅವು ತಾಗುತ್ತಿರುವುದು ಒಳ ಅಂಚಿಗೆ. ರೋಟರ್ ಗಡಿಯಾರದ ದಿಕ್ಕಿಗೆ ತಿರುಗತೊಡಗುತ್ತದೆ. ಎರಡೂ ಸ್ಥಿತಿಗಳ ‘ಸಿ’ ಉಂಗುರದ ವಿವರವಾದ ರಚನೆಗಳು 2024ರಲ್ಲಿ ಪ್ರಕಟವಾದವು.

ಸಂದೇಶ ತರುವುದು ಕೀ-ವೈ ಎಂಬ ಪುಟ್ಟ ಪ್ರೋಟೀನ್. ಕೋಶದ ತುದಿಯಲ್ಲಿ ಗುಂಪುಗೂಡಿದ ಗ್ರಾಹಕಗಳು ಹೊರಗಿನ ರುಚಿ ನೋಡುತ್ತಿರುತ್ತವೆ. ರುಚಿ ಕೆಟ್ಟರೆ ಕೀ-ವೈಗೆ ಒಂದು ಫಾಸ್ಫೇಟ್ ಅಂಟಿಸಿ ಬಿಡುತ್ತವೆ. ಅದು ತೇಲಿಕೊಂಡು ಹೋಗಿ ಫ್ಲಿ-ಎಂ, ಫ್ಲಿ-ಎನ್‌ಗಳಿಗೆ ಅಂಟಿಕೊಳ್ಳುತ್ತದೆ, ಉಂಗುರ ಅರಳುತ್ತದೆ. ಫಾಸ್ಫೇಟ್ ಹೊತ್ತ ಕೀ-ವೈ ಅಂಶ ಕೊಂಚ ಏರಿದರೆ ಸಾಕು, ಮೋಟಾರು ಒಂದು ಕೊನೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಅರೆಮನಸ್ಸೆಂಬುದಿಲ್ಲ.

ಹಿಮ್ಮುಖವಾದರೆ ಬ್ಯಾಕ್ಟೀರಿಯಾ ಹಿಂದಕ್ಕೆ ಹೋಗುತ್ತದೆಂದು ತಿಳಿಯಬೇಡಿ. ಎಲ್ಲ ಮೋಟಾರುಗಳೂ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುವಾಗ ಎಳೆಗಳು ಜಡೆಯಾಗಿ ಹೆಣೆದುಕೊಂಡು ನೇರವಾಗಿ ನೂಕುತ್ತವೆ. ಒಂದೆರಡು ದಿಕ್ಕು ಬದಲಿಸಿದರೂ ಆ ಎಳೆಗಳು ಎಡಸುರುಳಿಯಿಂದ ಬಲಸುರುಳಿಗೆ ಹೊರಳುತ್ತವೆ, ಜಡೆ ಬಿಚ್ಚಿ ಹೋಗುತ್ತದೆ, ದೇಹ ಇದ್ದಲ್ಲೇ ಪಲ್ಟಿ ಹೊಡೆಯುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅದು ಮುಗಿದು, ಮತ್ತೆ ಜಡೆ ಕೂಡಿ, ಮೂತಿ ಯಾವ ಕಡೆಗಿದೆಯೋ ಆ ಕಡೆಗೆ ಓಟ. ಸುಮಾರು ಒಂದು ಸೆಕೆಂಡ್ ಓಟ, ಒಂದು ಪಲ್ಟಿ. 1972ರಲ್ಲಿ ಬರ್ಗ್ ಮತ್ತು ಡಗ್ಲಾಸ್ ಬ್ರೌನ್ ಒಂಟಿ ಬ್ಯಾಕ್ಟೀರಿಯಾವನ್ನು ಹಿಂಬಾಲಿಸಬಲ್ಲ ಸೂಕ್ಷ್ಮದರ್ಶಕದಿಂದ ಇದನ್ನು ಕಂಡುಕೊಂಡರು. ಹೊಸ ದಿಕ್ಕನ್ನು ಅದು ಆರಿಸಿಕೊಳ್ಳಲಾರದು. ಆದರೆ ಕಳೆದೊಂದು ಸೆಕೆಂಡಿನ ರುಚಿಯನ್ನು ಅದಕ್ಕೂ ಹಿಂದಿನ ಮೂರು ಸೆಕೆಂಡಿನದರೊಂದಿಗೆ ಹೋಲಿಸಿ, ಸಿಹಿ ಹೆಚ್ಚುತ್ತಿದ್ದರೆ ಪಲ್ಟಿಯನ್ನು ಮುಂದೂಡುತ್ತದೆ. ಕುರುಡಾಗಿ ತಿರುಗುತ್ತ, ಒಳ್ಳೆಯ ದಾರಿ ಸಿಕ್ಕಾಗ ತುಸು ಹೆಚ್ಚು ಹೊತ್ತು ನಡೆಯುವುದು, ಇಷ್ಟೇ. ಇದರಲ್ಲೇ ಅದು ಊಟದ ಜಾಗ ಸೇರುತ್ತದೆ.

ಸ್ಟೇಟರ್‌ಗಳ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 2006ರಲ್ಲಿ ಆಕ್ಸ್‌ಫರ್ಡಿನ ತಂಡವೊಂದು ಮಾಟ್-ಬಿಗೆ ಹಸಿರಾಗಿ ಹೊಳೆಯುವ ಪ್ರೋಟೀನ್ ಅಂಟಿಸಿ ಓಡುತ್ತಿರುವ ಮೋಟಾರನ್ನು ನೋಡಿತು. ಮೋಟಾರಿಗೆ ಸರಾಸರಿ 22 ಮಾಟ್-ಬಿ, ಅಂದರೆ ಹನ್ನೊಂದು ಸ್ಟೇಟರ್, ಲೆಕ್ಕ ಸರಿಯಾಯಿತು. ಅಚ್ಚರಿಯೆಂದರೆ ಅವು ಅಲ್ಲೇ ಇರುತ್ತಿರಲಿಲ್ಲ. ಅರ್ಧ ನಿಮಿಷದ ಆಸುಪಾಸಿನಲ್ಲಿ ಒಂದೊಂದೂ ಜಾಗ ಬಿಟ್ಟು ಪೊರೆಯಲ್ಲಿ ತೇಲಿಹೋಗುತ್ತಿತ್ತು, ಬೇರೊಂದು ಬಂದು ಕೂರುತ್ತಿತ್ತು. ಓಡುವ ಎಂಜಿನ್ನಿನ ಪಿಸ್ಟನ್ನನ್ನು ನಿಲ್ಲಿಸದೆ ಬದಲಿಸಿದ ಹಾಗೆ. ಆಮೇಲೆ 2013ರಲ್ಲಿ ತಿಳಿದದ್ದು, ಹೊರೆ ಹೆಚ್ಚಿದರೆ ಹೆಚ್ಚು ಸ್ಟೇಟರ್‌ಗಳು ಬಂದು ಕೂರುತ್ತವೆ, ಹೊರೆ ಇಳಿದರೆ ಎದ್ದುಹೋಗುತ್ತವೆ. ಸುಗ್ಗಿಯ ಹೊತ್ತಿಗೆ ಬರುವ ಆಳುಗಳಂತೆ. ಕೆಲಸವಿಲ್ಲದೆ ತೇಲುವ ಸ್ಟೇಟರುಗಳ ಪ್ರೋಟಾನ್ ದಾರಿಗೆ ಬಿರಡೆ ಹಾಕಿರುತ್ತದೆ. ಇಲ್ಲವಾದರೆ ಅಣೆಕಟ್ಟು ಸುಮ್ಮನೆ ಸೋರಿಹೋಗುತ್ತಿತ್ತು.

ಇದನ್ನೆಲ್ಲ ಕಟ್ಟುವವರು ಯಾರು? ಬ್ಯಾಕ್ಟೀರಿಯಾಗೆ ಹೊರಗೆ ನಿಂತು ಇಟ್ಟಿಗೆ ಇಡುವ ಗಾರೆಯವನಿಲ್ಲ. ಎಲ್ಲ ಪ್ರೋಟೀನುಗಳೂ ಒಳಗೆ ತಯಾರಾಗಿ ಹೊರಹೋಗಬೇಕು. ಹೋಗುವ ದಾರಿ ಕಶಾಂಗವೇ: ಅಚ್ಚು, ಕೊಕ್ಕೆ, ಎಳೆ ಮೂರೂ ಒಳಗೆ ಟೊಳ್ಳು, ಸುಮಾರು ಎರಡು ನ್ಯಾನೋಮೀಟರಿನ ಕಿಂಡಿ. ‘ಎಂಎಸ್’ ಉಂಗುರದ ನಡುವೆ ಕೂತ ರಫ್ತು ಯಂತ್ರ ಪ್ರೋಟೀನುಗಳನ್ನು ಬಿಚ್ಚಿದ ದಾರದಂತೆ ಒಂದೊಂದಾಗಿ ಒಳಗೆ ತೂರಿಸುತ್ತದೆ. ಅವು ತುದಿ ತಲುಪಿ, ಅಲ್ಲಿರುವ ಫ್ಲಿ-ಡಿ ಎಂಬ ಮುಚ್ಚಳದ ಕೆಳಗೆ ಮಡಿಚಿಕೊಂಡು ಕೂರುತ್ತವೆ. ನಮ್ಮ ಕೂದಲು ಬುಡದಿಂದ ಬೆಳೆಯುತ್ತದೆ, ಕಶಾಂಗ ತುದಿಯಿಂದ.

ಯಾವುದು ಯಾವಾಗ ಹೊರಡಬೇಕೆಂಬ ಕ್ರಮ ಮಾತ್ರ ಕಟ್ಟುನಿಟ್ಟು. ಕೊಕ್ಕೆ ಮುಗಿಯುವ ಮುನ್ನ ಫ್ಲಾಜೆಲ್ಲಿನ್ ಬರಬಾರದು. ಫ್ಲಿ-ಕೆ ಎಂಬ ಪ್ರೋಟೀನ್ ಅಳತೆಗೋಲಿನಂತೆ ಕೊಕ್ಕೆಯ ಉದ್ದ ನೋಡುತ್ತದೆ. 55 ನ್ಯಾನೋಮೀಟರ್ ಆಯಿತೆಂದರೆ ರಫ್ತು ಯಂತ್ರಕ್ಕೆ ಸೂಚನೆ ಕೊಡುತ್ತದೆ. ಅಲ್ಲಿಯವರೆಗೆ ಫ್ಲಾಜೆಲ್ಲಿನ್ ವಂಶವಾಹಿಯನ್ನೇ ತೆರೆಯಗೊಡದೆ ಕಾಯುವವನು ಫ್ಲಗ್-ಎಂ. ಆ ಸೂಚನೆ ಸಿಕ್ಕ ಮೇಲೆ ರಫ್ತು ಯಂತ್ರ ಹೊರಕ್ಕೆ ದಬ್ಬುವ ಪ್ರೋಟೀನುಗಳಲ್ಲಿ ಈ ಫ್ಲಗ್-ಎಂ ಕೂಡ ಒಂದು! ಬಾಗಿಲು ಕಟ್ಟಿ ಮುಗಿಯಿತೆಂಬುದಕ್ಕೆ ಕಾವಲುಗಾರ ಅದೇ ಬಾಗಿಲಿನಿಂದ ಹೊರಬಿದ್ದದ್ದೇ ಸಾಕ್ಷಿ. ಅವನು ಹೋದೊಡನೆ ಒಳಗೆ ಇಟ್ಟಿಗೆಗಳ ಉತ್ಪಾದನೆ ಶುರು.

ಇಂಥದ್ದನ್ನು ಯಾರೋ ಕೂತು ವಿನ್ಯಾಸ ಮಾಡಿರಲೇಬೇಕು ಎಂಬ ವಾದ ಅಮೆರಿಕದಲ್ಲಿ ಜೋರಾಗಿತ್ತು. ಒಂದು ಬಿಡಿಭಾಗ ತೆಗೆದರೂ ಓಡದ ಯಂತ್ರ ಹಂತಹಂತವಾಗಿ ವಿಕಾಸವಾಗಲಾರದು ಎಂದು ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಹೇಳಿದರು. 2005ರಲ್ಲಿ, ಈ ವಾದವನ್ನು ಪಾಠದಲ್ಲಿ ತರುವ ಬಗ್ಗೆ ನಡೆದ ಪೆನ್ಸಿಲ್ವೇನಿಯಾದ ಡೋವರ್ ಶಾಲೆಗಳ ಮೊಕದ್ದಮೆಯಲ್ಲಿ ಕಶಾಂಗ ನ್ಯಾಯಾಲಯದ ಕಟಕಟೆಯನ್ನೂ ಏರಿತು. ವಾದ ಬಿದ್ದುಹೋಯಿತು. ಏಕೆಂದರೆ ಬಿಡಿಭಾಗಗಳಿಗೆ ಬೇರೆ ಉದ್ಯೋಗಗಳಿವೆ. ಕಶಾಂಗದ ರಫ್ತು ಯಂತ್ರದ ಸೋದರ ರೂಪವೇ ಸಾಲ್ಮೊನೆಲ್ಲಾ, ಪ್ಲೇಗಿನ ಯೆರ್ಸಿನಿಯಾಗಳಲ್ಲಿ ಸೂಜಿಯಾಗಿ ನಿಂತು ನಮ್ಮ ಜೀವಕೋಶಗಳಿಗೆ ವಿಷ ಚುಚ್ಚುತ್ತದೆ. ಮಾಟ್-ಎ, ಮಾಟ್-ಬಿಗಳ ನೆಂಟರು ಕಶಾಂಗಕ್ಕೆ ಸಂಬಂಧವೇ ಇಲ್ಲದ ಕಡೆ, ಪ್ರೋಟಾನಿನ ಬಲದಿಂದ ಹೊರಪೊರೆಯ ಕೆಲಸಗಳನ್ನು ಮಾಡುತ್ತಾರೆ.

ಈ ಮೋಟಾರು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಒಂದೇ ಅಳತೆಯದಲ್ಲ. ಕೋಳಿಮಾಂಸದಿಂದ ಬರುವ ಬೇಧಿಗೆ ಕಾರಣವಾಗುವ ಕ್ಯಾಂಪೈಲೋಬ್ಯಾಕ್ಟರ್‌ನಲ್ಲಿ ಸ್ಟೇಟರ್‌ಗಳು ಹದಿನೇಳು, ವಿಶಾಲವಾದ ಉಂಗುರದ ಮೇಲೆ. ಕರುಳಿನ ಲೋಳೆಯನ್ನು ತೂರಲು ಆ ಬಲ ಬೇಕು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಕೆಸರುಗದ್ದೆಗೆ ಇಳಿದವರನ್ನು ಹಿಡಿಯುವ ಇಲಿಜ್ವರದ ಲೆಪ್ಟೋಸ್ಪೈರಾ ತನ್ನ ಕಶಾಂಗಗಳನ್ನು ಹೊರಗೆ ಬಿಡುವುದೇ ಇಲ್ಲ. ಎರಡು ತುದಿಗಳಲ್ಲಿ ಒಂದೊಂದು, ಎರಡು ಪೊರೆಗಳ ನಡುವೆ ಬಚ್ಚಿಟ್ಟಿರುತ್ತದೆ. ಅವು ಒಳಗೇ ತಿರುಗಿದಾಗ ದಾರದಂಥ ಇಡೀ ಮೈ ತಿರುಪಿನ ಹಾಗೆ ಸುತ್ತಿ ಮುಂದೆ ಹೋಗುತ್ತದೆ.

ಬಚ್ಚಿಡುವುದಕ್ಕೆ ಲಾಭವೂ ಉಂಟು. ಫ್ಲಾಜೆಲ್ಲಿನ್ ಕಂಡರೆ ನಮ್ಮ ದೇಹಕ್ಕೆ ಆಗದು. ಕರುಳಿನ ಗೋಡೆಯ ಜೀವಕೋಶಗಳಲ್ಲಿ ಅದನ್ನು ಗುರುತಿಸಲೆಂದೇ ಟಿಎಲ್‌ಆರ್-5 ಎಂಬ ಗ್ರಾಹಕವಿದೆ. ಎಳೆಯ ಒಂದು ಇಟ್ಟಿಗೆ ಸಿಕ್ಕರೂ ಅದು ಕೂಗೆಬ್ಬಿಸುತ್ತದೆ. ಟೈಫಾಯ್ಡಿನ ಬ್ಯಾಕ್ಟೀರಿಯಾಗೆ ಇದು ಗೊತ್ತಿರುವಂತಿದೆ. ಕರುಳಿನ ಪೊಳ್ಳಿನಲ್ಲಿ ಈಜುತ್ತ ಬರುವ ಸಾಲ್ಮೊನೆಲ್ಲಾ ಟೈಫಿ, ಅಂಗಾಂಶದೊಳಗೆ ನುಗ್ಗಿದ ಮೇಲೆ ಟಿವಿ-ಎ ಎಂಬ ನಿಯಂತ್ರಕ ಪ್ರೋಟೀನಿನ ಮೂಲಕ ಕಶಾಂಗದ ಕಾರ್ಖಾನೆಯನ್ನು ಅದುಮುತ್ತದೆ, ಅದೇ ಹೊತ್ತಿಗೆ ಮೈಮೇಲೆ ಸಕ್ಕರೆಯ ಮುಸುಕು ಹೊದೆಯುತ್ತದೆ. ಒಳಗೆ ಬಂದ ಕಳ್ಳ ಗೆಜ್ಜೆ ಬಿಚ್ಚಿಟ್ಟ ಹಾಗೆ.

ಪೂರ್ತಿ ಬಿಚ್ಚಿಡಲು ಆಗುವುದಿಲ್ಲ, ಅಥವಾ ತಡವಾಗುತ್ತದೆ. ಅಷ್ಟರೊಳಗೆ ದೇಹ ಎಳೆಯ ಗುರುತು ಹಿಡಿದು ಪ್ರತಿಕಾಯಗಳನ್ನು ಮಾಡಿಕೊಂಡಿರುತ್ತದೆ. ‘ಓ’ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಇಳಿಯುತ್ತವೆ, ‘ಎಚ್’ ಪ್ರತಿಕಾಯಗಳು ಅದಕ್ಕಿಂತ ಬಹಳ ಕಾಲ ಉಳಿಯುತ್ತವೆ. ‘ಓ’ ಸಾಲಿನಲ್ಲಿ ಏನೂ ಇಲ್ಲದೆ ‘ಎಚ್’ ಸಾಲಿನಲ್ಲಿ ಮಾತ್ರ 1:160 ಎಂದಿದ್ದರೆ, ಅದು ಈ ವಾರದ ಜ್ವರದ್ದೇ ಆಗಿರಬೇಕಿಲ್ಲ. ಎಂದೋ ಬಂದುಹೋದ ಟೈಫಾಯ್ಡಿನದೋ, ಹಳೆಯ ಲಸಿಕೆಯದೋ ಆಗಿರಬಹುದು. ಖಚಿತವಾಗಿ ತಿಳಿಯಬೇಕಾದರೆ ಆ್ಯಂಟಿಬಯಾಟಿಕ್ ಶುರುಮಾಡುವ ಮುನ್ನವೇ ರಕ್ತ ತೆಗೆದು ಕಲ್ಚರ್‌ಗೆ ಇಡಬೇಕು.